ಗಿಟಾರಿನ ಮೇಲೆ ಬೆಕ್ಕಿನ ಹೆಬ್ಬೆರಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ವಿರಾಜಪೇಟೆಯಲ್ಲಿ ಸಿಲ್ವರ್ ಓಕ್ ಮರದಿಂದ ಗಿಟಾರ್ ಮಾಡಿದ ಮನುಷ್ಯ ನಾನೊಬ್ಬನೇ. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು, ಇಲ್ಲವೇ ಪ್ಯಾಕಿಂಗ್ ಪೆಟ್ಟಿಗೆ ಬಡಿಯಲು ಬಿಟ್ಟರೆ ಯಾರೂ ಕಣ್ಣೆತ್ತಿ ನೋಡದ ಮರ ಅದು. ಐವತ್ತು ವರ್ಷ ಬಾಗಿಲು, ಮಂಚ, ಕಪಾಟು ಮಾಡಿದ ಈ ಕೈ ಅದನ್ನು ಹಪ್ಪಳದಷ್ಟು ತೆಳ್ಳಗೆ ಹೆರೆದು ಗಿಟಾರಿನ ಮುಖ ಮಾಡಿತು. ಬೆನ್ನಿಗೆ ಹಳೆಯ ಮಂಚದ ಬೀಟೆ ಹಲಗೆ.

ಗಿಟಾರ್ ನನ್ನ ಹೆಂಡತಿಗೆ. ಅರವತ್ತಮೂರನೇ ವಯಸ್ಸಿನಲ್ಲಿ ಅವಳು ಮೊಬೈಲ್ ನೋಡಿಕೊಂಡು ನುಡಿಸಲು ಕಲಿತಳು. ಮಹಿಳಾ ಸಂಘದ ವಾರ್ಷಿಕೋತ್ಸವದಲ್ಲಿ ಮೊದಲ ಸಲ ವೇದಿಕೆ ಹತ್ತುವವಳಿದ್ದಳು. ನುಡಿಸುವುದು ನನ್ನ ಗಿಟಾರನ್ನೇ ಎಂದು ನಾನು ಪೇಟೆಗೆಲ್ಲ ಸಾರಿಬಿಟ್ಟಿದ್ದೆ.

"ಮಳೆ ನಿಲ್ಲೋವರೆಗೂ ಪಾಲಿಶ್ ಹಾಕ್ಬೇಡಿ," ಅಂದಳು.

"ನಂಗೇ ಪಾಲಿಶ್ ಹೇಳ್ಕೊಡ್ತೀಯಾ?" ಅಂದೆ.

ಕೊಡಗಿನ ಕಕ್ಕಡ ತಿಂಗಳ ಜಡಿಮಳೆಯಲ್ಲೇ ಹಾಕಿದೆ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿ ಮಾಡುವ ಈ ಪಾಲಿಶ್‌ಗೆ ತೇವದ ಗಾಳಿ ಆಗುವುದಿಲ್ಲ. ಮಾರನೇ ದಿನ ನೋಡಿದರೆ ಗಂಜಿ ತಿಳಿ ಬಳಿದಂತೆ ಮುಖವೆಲ್ಲ ಬೆಳ್ಳಗೆ ಮಬ್ಬು. ಸಾಲದ್ದಕ್ಕೆ ತಂತಿಗಳ ಬುಡದಲ್ಲಿ ಒಂದು ಆಳವಾದ ಗುರುತು. ಒಣಗಿದೆಯೇ ಎಂದು ಯಾರೋ ಬೆರಳೊತ್ತಿ ನೋಡಿದ್ದರು.

"ಬೆಕ್ಕು," ಅಂದೆ.

ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು. "ಬೆಕ್ಕಿಗೆ ಹೆಬ್ಬೆರಳು ಯಾವಾಗ್ಲಿಂದ ಬಂತು? ಅದೂ ಗಾಯದ ಗೆರೆ ಇರೋ ಹೆಬ್ಬೆರಳು?"

ಉಳಿ ತಾಗಿದ ಆ ಗೆರೆ ನನ್ನ ಎಡಗೈಯಲ್ಲಿ ಮದುವೆಗೂ ಮುಂಚಿನಿಂದ ಇದೆ. ಮೆಲ್ಲಗೆ ಕೈಯನ್ನು ಬೆನ್ನ ಹಿಂದೆ ಸರಿಸಿದೆ.

"ಭಾನುವಾರಕ್ಕೆ ಸರಿಯಾಗ್ದಿದ್ರೆ ನಮ್ಮ ಸಂಘದ ಟೀಚರಮ್ಮ ಅಂಗಡೀಲಿ ಕೊಂಡಿರೋ ಗಿಟಾರ್ ತಗೊಂಡು ಹೋಗ್ತೀನಿ ನೋಡಿ. ಬೂಸ್ಟು ಹಿಡಿದಿರೋದನ್ನ ಎತ್ಕೊಂಡು ಸ್ಟೇಜ್ ಹತ್ತಲ್ಲ ನಾನು."

ಉಳಿದದ್ದು ಐದು ದಿನ. ಅಂಗಡಿ ಗಿಟಾರ್ ವೇದಿಕೆ ಹತ್ತಿದರೆ ನಾನು ಪೇಟೆಯಲ್ಲಿ ಮುಖ ಎತ್ತಿ ನಡೆಯುವುದು ಹೇಗೆ? ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ಕಕ್ಕಬೆ ಬಸ್ ಹತ್ತಿದೆ. ಅಲ್ಲಿ ಅವಳ ತಮ್ಮ ಏಲಕ್ಕಿ ಒಣಗಿಸುವ ಮನೆ ಇಟ್ಟುಕೊಂಡಿದ್ದಾನೆ. ನನಗೆ ಗೊತ್ತಿದ್ದಂತೆ ಆ ಮಳೆಯಲ್ಲಿ ಒಣ ಗಾಳಿ ಸಿಗುವ ಜಾಗ ಅದೊಂದೇ.

"ಏನ್ ಭಾವ, ಈ ವಯಸ್ಸಲ್ಲಿ ಕೂಸು ಎತ್ಕೊಂಡು ಬಂದ್ರಾ?" ಅಂದ. ಕಂಬಳಿ ಬಿಚ್ಚಿ ನೋಡಿ ಇನ್ನೂ ನಕ್ಕ. "ಅಕ್ಕನ ಮಾತು ಕೇಳೋಕೆ ಇನ್ನೆಷ್ಟು ವರ್ಷ ಬೇಕು ನಿಮ್ಗೆ? ಹೊರಗಿನ ರೂಮಲ್ಲೇ ಕೂತ್ಕೊಳ್ಳಿ. ಆ ಸ್ಪಿರಿಟ್ ಬಾಟ್ಲಿ ಒಲೆ ಕಡೆ ತಂದ್ರೆ ಏಲಕ್ಕಿ ಜೊತೆ ನೀವೂ ಹುರಿದು ಹೋಗ್ತೀರಾ."

ಬೆಚ್ಚನೆಯ ಹೊರಕೋಣೆಯಲ್ಲಿ ಕೂತೆ. ಹಳೆಯ ಬನಿಯನ್ ತುಂಡಿನಲ್ಲಿ ಹತ್ತಿಯ ಉಂಡೆ ಕಟ್ಟಿ, ಎರಡೇ ಹನಿ ಸ್ಪಿರಿಟ್ ತಾಗಿಸಿ, ಎಲ್ಲೂ ನಿಲ್ಲದೆ ಸವರಿದೆ. ಕೈ ಒಂದು ಗಳಿಗೆ ನಿಂತರೂ ಬಟ್ಟೆ ಅಂಟಿಕೊಂಡು ಪಾಲಿಶ್ ಕಿತ್ತು ಬರುತ್ತದೆ. ನನ್ನ ಕೈ ನಿಲ್ಲಲಿಲ್ಲ. ಮಬ್ಬು ಕರಗುತ್ತ ಹೋಗಿ, ಮೀನಿನ ಹುರುಪೆಯಂತೆ ಮಿನುಗುವ ಮರದ ಮೈ ಹೊರಗೆ ಬಂತು. ಆ ಹೆಬ್ಬೆರಳಿನ ಗುರುತೋ? ಅದು ನನಗೆ ಒಂದು ನಿಮಿಷದ ಕೆಲಸ. ಬೇಕೆಂದೇ ಬಿಟ್ಟೆ.

ನಾಲ್ಕನೇ ದಿನ ಬೆಳಿಗ್ಗೆ ಅವಳೇ ಬಸ್ಸಿಳಿದು ಬಂದಳು. ಗಿಟಾರಿಗೆ ಮೂಗು ಹತ್ತಿರ ತಂದು, "ಪಾಯಸದ ವಾಸನೆ," ಅಂದಳು. ಗುರುತಿನ ಮೇಲೆ ಬೆರಳಾಡಿಸಿದಳು. ನನ್ನ ಉಗುರುಗಳಿಗೆ ಮೆತ್ತಿದ್ದ ಪಾಲಿಶ್ ಕಡೆ ಒಮ್ಮೆ ನೋಡಿದಳು.

"ಇದನ್ನ ಇನ್ನು ಮುಟ್ಬೇಡಿ. ಹಾಗೇ ಇರ್ಲಿ. ಸಾಕ್ಷಿ ಬೇಕು ನಂಗೆ."

ಭಾನುವಾರ ನನ್ನ ಗಿಟಾರ್ ಹಿಡಿದೇ ವೇದಿಕೆ ಹತ್ತಿದಳು. ನುಡಿಸುವ ಮೊದಲು ಅದನ್ನು ದೀಪದ ಕಡೆ ವಾಲಿಸಿ, ಮೈಕಿನಲ್ಲಿ, "ಇಲ್ಲಿ ಕಾಣೋದು ನಮ್ಮನೆ ಬೆಕ್ಕಿನ ಹೆಬ್ಬೆರಳು," ಅಂದಳು. ಸಭೆಯೆಲ್ಲ ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿತು. ನಾನು ಮೀಸೆ ತಿರುವಿದೆ. ಎರಡು ಕಡೆ ತಪ್ಪಿದಳು. ಆದರೆ ನಾದ ನನ್ನವರೆಗೂ ಸ್ವಚ್ಛವಾಗಿ ಬಂತು.

ನಿಮಗೆ ಇಷ್ಟು ಹೇಳಿದ್ದರಲ್ಲಿ ಸುಳ್ಳು ಒಂದೇ. ಆ ಗುರುತನ್ನು ಬೇಕೆಂದು ಬಿಟ್ಟದ್ದಲ್ಲ. ಮೂರು ದಿನ ಹನಿಹನಿಯಾಗಿ ಪಾಲಿಶ್ ತುಂಬಿದೆ. ತುಂಬಿದಷ್ಟೂ ಒಣಗಿ ಇಳಿದು, ನನ್ನದೇ ಹೆಬ್ಬೆರಳು ಮತ್ತೆ ನನ್ನನ್ನು ನೋಡುತ್ತಿತ್ತು. ಅವಳು ಬಸ್ಸಿಳಿದು ಬಂದಾಗಲೂ ಅದರ ಮೇಲೇ ಬಗ್ಗಿ ಕೂತಿದ್ದೆ.