ಕಾವಲಿಯ ಮೇಲಿನ ಹನ್ನೊಂದನೆಯವನು

ಮೊನ್ನೆ ಸೊಸೆ ಪೇಟೆಯಿಂದ ಗಾಂಠಿಯಾ ತಂದಳು. ಕಡಲೆಹಿಟ್ಟಿನ ಆ ಕುರುಕಲು ತಿಂಡಿಯನ್ನು ಇಲ್ಲಿ ಬರೋಡಾದಲ್ಲಿ ಕೆಲವು ಅಂಗಡಿಯವರು ಈಗಲೂ ಗುಜರಾತಿ ಪೇಪರಿನಲ್ಲೇ ಕಟ್ಟಿಕೊಡುತ್ತಾರೆ. ಪೊಟ್ಟಣ ಬಿಚ್ಚಿದ ಕೂಡಲೇ ಬಿಸಿ ಎಣ್ಣೆಯೂ ಅಚ್ಚಿನ ಶಾಯಿಯೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಎಣ್ಣೆ ಕುಡಿದ ಹಾಳೆಯಲ್ಲಿ ಆಟದ ಸುದ್ದಿಯಿತ್ತು. ಯಾವನೋ ಬೌಲರ್ ತನ್ನ ತಂಡ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನಂತೆ... ನಾನು ತಿಂಡಿ ಬಿಟ್ಟು ಹಾಳೆ ಹಿಡಿದು ಕೂತೆ. ಸುಮಾರು ಅರವತ್ತು ವರ್ಷಗಳಿಂದ ಯಾರಿಗೂ ಹೇಳದ ತಪ್ಪೊಂದು ಆ ವಾಸನೆಯ ಜೊತೆಗೇ ಎದ್ದು ಬಂದಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯ ಕಡೆಯಿಂದ ಅಹಮದಾಬಾದಿಗೆ ಬಂದಾಗ ನನಗೆ ಇಪ್ಪತ್ತು ದಾಟಿತ್ತು. ಒಂದು ಬಟ್ಟೆ ಮಿಲ್ಲಿನ ಗೇಟಿನೆದುರು ನಮ್ಮೂರವರ ಹೋಟೆಲಿತ್ತು. ಅಲ್ಲಿ ಕಾಫಿ, ಚಹಾ ಮಾಡುವ ಕೆಲಸ ನನ್ನದು. ನನ್ನ ಎಡಕ್ಕೆ ದೋಸೆಯ ದೊಡ್ಡ ಕಾವಲಿ, ಅದರ ಹಿಂದೆ ಭಟ್ರು. ಗಿಡ್ಡ ಆಳು, ಸೊಂಟಕ್ಕೆ ಬಿಗಿದ ಕೆಂಪು ಪಂಚೆ, ಕಿವಿಯ ಮೇಲೆ ಯಾವಾಗಲೂ ಒಂದು ಬೀಡಿ. ಇಡೀ ಬೀದಿ ಅವರನ್ನು ಮಹಾರಾಜ ಎನ್ನುತ್ತಿತ್ತು. ಗುಜರಾತಿನಲ್ಲಿ ಅಡಿಗೆಯವರಿಗೆಲ್ಲ ಅದೇ ಪಟ್ಟ.

ಆಗ ಅಲ್ಲಿಯ ಮಿಲ್ಲುಗಳಿಗೆ ಅವರವರ ಕ್ರಿಕೆಟ್ ತಂಡಗಳಿದ್ದವು. ಚೆನ್ನಾಗಿ ಆಡುವವನನ್ನು ಕೆಲಸಕ್ಕೆ ಸೇರಿಸಿಕೊಂಡು, ಹಗುರದ ಕೆಲಸ ಕೊಟ್ಟು ಆಡಿಸುತ್ತಿದ್ದರು. ಒಂದು ಮಿಲ್ಲಿನವನನ್ನು ಇನ್ನೊಂದು ಮಿಲ್ಲು ಎಳೆದುಕೊಳ್ಳುವುದೂ ನಡೆಯುತ್ತಿತ್ತು. ಮಳೆ ನಿಂತು ಆಟ ಶುರುವಾಗುವ ಹೊತ್ತಿಗೆ ಯಾರು ಎಲ್ಲಿಗೆ ಹೋಗುತ್ತಾರೆ ಎಂಬ ಗುಸುಗುಸು ಪ್ರತಿ ಟೇಬಲಿನಲ್ಲೂ.

ಭಟ್ರಿಗೆ ಎದುರಿನ ಮಿಲ್ಲಿನ ತಂಡವೆಂದರೆ ಪ್ರಾಣ. ಅವರು ಜೀವಮಾನದಲ್ಲಿ ಬ್ಯಾಟು ಹಿಡಿದವರಲ್ಲ. ಒಂದು ಮ್ಯಾಚನ್ನು ಪೂರ್ತಿ ನೋಡಿದವರೂ ಅಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ಬಿಡುವು. ಹಾಗಾಗಿ ಅವರ ಅಭಿಪ್ರಾಯಗಳೆಲ್ಲ ಎರಡರಿಂದ ನಾಲ್ಕರವರೆಗೆ ನಡೆದ ಕ್ರಿಕೆಟಿನ ಮೇಲೆ ನಿಂತಿದ್ದವು. ನಾಲ್ಕರ ನಂತರ ತಂಡ ಸೋತರೆ ಅದಕ್ಕೆ ತಾವು ಎದ್ದು ಬಂದದ್ದೇ ಕಾರಣ ಎಂದು ಹೋಟೆಲಿನ ಧಣಿಗಳ ಮೇಲೆ ಸಿಡುಕುತ್ತಿದ್ದರು. ಮರುದಿನದ ದೋಸೆ ದಪ್ಪವಾಗುತ್ತಿತ್ತು.

ಅವರು ವಾದ ಮಾಡುತ್ತಿದ್ದದ್ದು ಹಿಟ್ಟಿನಿಂದ. ಕಾವಲಿಯ ಮೇಲೆ ಹನ್ನೊಂದು ಸಣ್ಣ ಬೊಟ್ಟುಗಳನ್ನು ಹೊಯ್ದು, ಸಟ್ಟುಗದ ತುದಿಯಿಂದ ತೋರಿಸುತ್ತ, "ಇವ ಇಲ್ಲಿ ನಿಂತ್ಕೊಂಡು ಎಂತ ಮಾಡ್ತಾನೆ? ಇಲ್ಲಿ ಬರ್ಬೇಕಿತ್ತು!" ಎಂದು ಫೀಲ್ಡರನ್ನು ಮಗುಚಿ ಹಾಕುವರು. ಅತ್ತ ಮಸಾಲೆ ದೋಸೆಗೆ ಕಾದವರು ಕಾದೇ ಇರುವರು. ಒಮ್ಮೆ ಸ್ಲಿಪ್ಪಿನಲ್ಲಿ ನಿಂತವನನ್ನು ಧಣಿಗಳು ಬಂದು ಬಾಯಿಗೆ ಹಾಕಿಕೊಂಡರು. "ಕ್ಯಾಚ್ ಬಿಟ್ಟವ, ಹೋಗ್ಲಿ ಬಿಡಿ" ಎಂದರು ಭಟ್ರು.

ಆ ತಂಡದ ಜೀವಾಳ ಒಬ್ಬ ಎಡಗೈ ಬೌಲರ್. ಮಿಲ್ಲಿನ ನೂಲು ತೆಗೆಯುವ ವಿಭಾಗದಲ್ಲಿದ್ದ. ದಿನಾ ಬೆಳಿಗ್ಗೆ ಮೂರು ದೋಸೆ ತಿನ್ನುತ್ತಿದ್ದ. ಅವನ ದೋಸೆಯನ್ನು ಭಟ್ರು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ತುಪ್ಪ ಹಾಕಿ ತಾವೇ ಒಯ್ದು ಇಡುತ್ತಿದ್ದರು.

ಭಟ್ರಿಗೆ ಗುಜರಾತಿ ಓದಲು ಬರುತ್ತಿರಲಿಲ್ಲ. ಬೆಳಗಿನ ಗಿರಾಕಿಗಳ ಗದ್ದಲ ಇಳಿದ ಮೇಲೆ ಪೇಪರನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಹಿಂದಿ ಅಕ್ಷರದ ತಲೆಗೆರೆ ತೆಗೆದರೆ ಗುಜರಾತಿ, ಅದರಲ್ಲೇನು ಮಹಾ ಎಂದು ಬಂದ ಹೊಸತರಲ್ಲೇ ಜಂಬ ಕೊಚ್ಚಿಕೊಂಡಿದ್ದೆ. ನಿಜ ಹೇಳುತ್ತೇನೆ, ನನಗೆ ಅರ್ಥವಾಗುತ್ತಿದ್ದದ್ದು ಅರ್ಧ. ಉಳಿದರ್ಧವನ್ನು ನಾನೇ ಕಟ್ಟಿ ಹೇಳುತ್ತಿದ್ದೆ. ಭಟ್ರಿಗೆ ನನ್ನ ಅರ್ಧವೇ ಹೆಚ್ಚು ರುಚಿಸುತ್ತಿತ್ತು.

ಒಂದು ಬೆಳಿಗ್ಗೆ ಪೇಪರಿನಲ್ಲಿ ಮಿಲ್ಲುಗಳ ಆಟದ ಬಗ್ಗೆ ಒಂದು ಸಾಲೂ ಇರಲಿಲ್ಲ. ಭಟ್ರು ಸಟ್ಟುಗ ಹಿಡಿದು ಕಾಯುತ್ತಿದ್ದರು.

"ಎಂತ ಬರ್ದಿದ್ದಾರೆ ಮಾರಾಯ? ಓದು."

ಏನೂ ಇಲ್ಲ ಎಂದರೆ ಆಗುತ್ತಿತ್ತು. ಹಿಂದಿನ ದಿನ ಅವರು ನನ್ನ ಕಾಫಿಯನ್ನು ಎಲ್ಲರೆದುರು ಕಲಗಚ್ಚು ಎಂದಿದ್ದರು. ಆ ಸಿಟ್ಟು ಸ್ವಲ್ಪ, ಚೇಷ್ಟೆ ಸ್ವಲ್ಪ... ನಾನು ಗಂಭೀರವಾಗಿ ಓದಿದೆ: "ಎಡಗೈ ಬೌಲರನ್ನು ಬರೋಡಾದ ಮಿಲ್ಲಿನವರು ಕರೆದಿದ್ದಾರೆ. ಎರಡು ಕೋಣೆಯ ಮನೆ ಕೊಡ್ತಾರಂತೆ. ಅವನ ತಮ್ಮನಿಗೂ ಕೆಲಸವಂತೆ."

ಕಾವಲಿಯ ಮೇಲಿದ್ದ ದೋಸೆ ಕರಟಿ ಕಪ್ಪಾಯಿತು. ಆ ಹೋಟೆಲಿನಲ್ಲಿ ಭಟ್ರ ದೋಸೆ ಕರಟಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಎರಡು ಕೋಣೆಯಾ?" ಎಂದರು, ಸಣ್ಣ ಸ್ವರದಲ್ಲಿ.

ತಮಾಷೆ ಎಂದು ಆಗಲೇ ಹೇಳಬೇಕಿತ್ತು. ಚಹಾ ಸೋಸುತ್ತ ನಿಂತೆ. ಸಂಜೆಯೊಳಗೆ ಭಟ್ರು ತಮ್ಮ ಹರಕು ಹಿಂದಿಯಲ್ಲಿ ಬಂದವರಿಗೆಲ್ಲ ಸುದ್ದಿ ಹಂಚಿದ್ದರು. ಅದು ಗೇಟು ದಾಟಿ ಮಿಲ್ಲಿನೊಳಗೂ ಹೋಯಿತು. ಆ ದಿನದ ಪೇಪರು ಅಷ್ಟರಲ್ಲಿ ತಿಂಡಿ ಕಟ್ಟಲು ಹರಿದು ಹೋಗಿತ್ತು, ಯಾರೂ ಹುಡುಕಿ ನೋಡಲಿಲ್ಲ. ಮರುದಿನ ಬೌಲರ್ ಬಂದು ಕೂತಾಗ ಯಾರೂ ಅವನನ್ನು ಮಾತಾಡಿಸಲಿಲ್ಲ. ಭಟ್ರು ಒಯ್ದು ಕುಕ್ಕಿದ ದೋಸೆಯ ಮೇಲೆ ತುಪ್ಪವಿರಲಿಲ್ಲ.

"ಶುಂ ಥಯುಂ, ಮಹಾರಾಜ?" ಏನಾಯಿತು ಎಂದು ಕೇಳಿದ ಪಾಪದವ.

"ಬರೋಡಾ ಜಾವ್! ದೋ ಕಮರಾ ಮೇ ಬೈಠೋ! ಪೇಪರ್ ಮೇ ಸಬ್ ಹೈ!" ಬರೋಡಾಕ್ಕೇ ಹೋಗಿ ಆ ಎರಡು ಕೋಣೆಯಲ್ಲಿ ಕೂತುಕೋ, ಪೇಪರಿನಲ್ಲಿ ಎಲ್ಲ ಉಂಟು ಎಂದು ಭಟ್ರು ಸಿಡಿದರು.

ಅವನು ತನಗೇನೂ ತಿಳಿಯದು ಎಂದು ಆಣೆ ಹಾಕಿದ. ಭಟ್ರು ಕೇಳಲಿಲ್ಲ. ಆದರೆ ಅವನು ಮೂರನೆಯ ದೋಸೆಯನ್ನು ನಿಧಾನಕ್ಕೆ ಅಗಿಯುತ್ತಿದ್ದದ್ದನ್ನು ನಾನು ಕಂಡೆ. ಅವನ ತಮ್ಮನಿಗೆ ನಿಜವಾಗಿಯೂ ಕೆಲಸವಿರಲಿಲ್ಲ. ಪೇಪರಿನಲ್ಲೇ ಬಂದಿದೆ ಎಂದಮೇಲೆ ಒಮ್ಮೆ ಕೇಳಿದರೇನು ಎಂದು, ಮುಂದಿನ ವಾರದ ರಜೆಗೆ ರೈಲು ಹತ್ತಿ ಬರೋಡಾಕ್ಕೆ ಹೋದ. ಅಲ್ಲಿಯವರಿಗೆ ಸ್ವರ್ಗವೇ ಬಂದು ಬಾಗಿಲು ತಟ್ಟಿದಂತಾಯಿತು. ಎರಡು ಕೋಣೆ ಸಿಗಲಿಲ್ಲ, ಒಂದು ಕೋಣೆ ಮತ್ತು ಜಗಲಿ ಸಿಕ್ಕಿತು. ತಮ್ಮನಿಗೆ ಕೆಲಸವಾಯಿತು. ತಿಂಗಳೊಳಗೆ ಪೇಪರಿನಲ್ಲಿ ಎರಡು ಸಾಲು ಬಂತು. ಅದನ್ನು ಮಾತ್ರ ಒಂದು ಅಕ್ಷರ ಬಿಡದೆ ಓದಿದೆ.

ಭಟ್ರು ಆಶ್ಚರ್ಯಪಡಲಿಲ್ಲ. "ಇದು ಹಳೇ ಸುದ್ದಿ. ನೀನು ಆವತ್ತೇ ಓದಿದ್ದಿ" ಎಂದರು.

ಅದಾದ ಮೇಲೆ ಕಾವಲಿಯ ಮೇಲೆ ಬರೀ ದೋಸೆ. ಬೊಟ್ಟುಗಳಿಲ್ಲ, ವಾದವಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವರು ಮೈದಾನಕ್ಕೆ ಹೋಗದೆ ಅಕ್ಕಿ ಮೂಟೆಗೆ ಒರಗಿ ಕೂರುತ್ತಿದ್ದರು. ನೋಡಲಾಗದೆ ಒಂದು ದಿನ ಹೇಳಿಬಿಡೋಣವೆಂದು ಹತ್ತಿರ ಹೋದೆ. "ಭಟ್ರೇ, ಆ ಸುದ್ದಿ..." ಎಂದೆ. ಅವರು ನನ್ನ ಭುಜ ತಟ್ಟಿದರು.

"ನೀನು ಮೊದ್ಲೇ ಓದಿ ಹೇಳಿದ್ದು ಒಳ್ಳೇದಾಯ್ತು ಮಾಣಿ. ಇಲ್ಲದಿದ್ರೆ ಒಮ್ಮೆಲೇ ತಡ್ಕೊಳ್ಲಿಕ್ಕೆ ಆಗ್ತಿರ್ಲಿಲ್ಲ ನಂಗೆ."

ಹಾಗೆಂದು ಎದ್ದು, ಬೌಲರನಿಗೆ ಹಾಕುತ್ತಿದ್ದ ಹಾಗೆಯೇ ತುಪ್ಪ ಹಾಕಿ ಒಂದು ದೋಸೆ ಮಾಡಿಕೊಟ್ಟರು. ನಾನು ತಿಂದೆ. ಆ ದೋಸೆ ನನಗೆ ಇನ್ನೂ ಅರಗಿಲ್ಲ.

ಸತ್ಯ ಹೇಳುವ ಬದಲು ನಾನು ಮತ್ತೊಂದು ಸುಳ್ಳು ಓದಿದೆ. ಬೌಲರನಿಗೆ ಅಲ್ಲಿಯ ನೀರು ಹಿಡಿಸಲಿಲ್ಲವಂತೆ, ಮುಂದಿನ ಸಲ ಹಿಂದೆ ಬರುತ್ತಾನಂತೆ ಎಂದೆ. ಮೊದಲ ಸುಳ್ಳು ನಿಜವಾದ ಹಾಗೆ ಇದೂ ಆಗಬಹುದು ಎಂಬ ಆಸೆ ನನಗೂ ಇತ್ತು. ಮರುದಿನ ಕಾವಲಿಯ ಮೇಲೆ ಬೊಟ್ಟುಗಳು ಬಂದವು. ಎಣಿಸಿದೆ, ಹತ್ತು. ಹನ್ನೊಂದನೆಯವನೆಲ್ಲಿ ಎಂದು ಧಣಿಗಳು ಕೇಳಿದರು.

"ಜಾಗ ಇಟ್ಟಿದ್ದೇನೆ. ಬರ್ತಾನಲ್ಲ, ಪೇಪರಲ್ಲಿ ಉಂಟಲ್ಲ" ಎಂದರು ಭಟ್ರು.

ಬೌಲರ್ ಬರಲಿಲ್ಲ. ಪ್ರತಿ ವರ್ಷ ಮಳೆ ನಿಂತಾಗ ನಾನು ಅದನ್ನೇ ಬೇರೆ ಬೇರೆ ಮಾತಿನಲ್ಲಿ ಓದಿದೆ, ಪ್ರತಿ ವರ್ಷ ಅವರು ಹತ್ತೇ ಹೊಯ್ದರು. ಬರೋಡಾ ತಂಡದ ಪರವಾಗಿ ಅವನು ನಮ್ಮ ಮಿಲ್ಲಿನವರನ್ನು ಮಣ್ಣುಮುಕ್ಕಿಸಿದ ದಿನವೂ ಹತ್ತೇ. ಕೊನೆಗೆ ಹೊಗೆಗೆ ಕಣ್ಣು ಮಂಜಾಗಿ ಭಟ್ರು ಊರಿಗೆ ಹೊರಟರು. ರೈಲಿನ ಕಿಟಕಿಯಿಂದ ಅವರು ಹೇಳಿದ್ದು ಒಂದೇ ಮಾತು. "ಅವ ಬಂದದ್ದು ಪೇಪರಲ್ಲಿ ಬಂದ್ರೆ ಒಂದು ಕಾರ್ಡು ಹಾಕು, ಆಯ್ತಾ?"

ಹಾಕುತ್ತೇನೆ ಎಂದೆ. ಕಾರ್ಡು ಕೊಂಡದ್ದೂ ಉಂಟು. ಏನು ಬರೆಯುವುದೆಂದು ತಿಳಿಯದೆ... ಕೆಲವು ವರ್ಷಗಳ ನಂತರ ಊರಿನಿಂದ ಬಂದವರೊಬ್ಬರು ಭಟ್ರು ಹೋದರು ಎಂದರು.

ಇವತ್ತು ಭಾನುವಾರ. ಮನೆಯಲ್ಲಿ ದೋಸೆ. ಸೊಸೆಯನ್ನು ಸರಿಸಿ ನಾನೇ ಒಲೆಯ ಮುಂದೆ ನಿಂತು ಬೊಟ್ಟು ಹೊಯ್ದೆ. ಮೊಮ್ಮಗಳು ಬಗ್ಗಿ ಎಣಿಸಿದಳು. ಅಲ್ಲವಾ ಎನ್ನುವ ಗುಜರಾತಿಯ 'ನೆ' ಸೇರಿಸದೆ ಅವಳ ಕನ್ನಡ ಮುಗಿಯುವುದಿಲ್ಲ.

"ಅಜ್ಜ, ಟೆನ್ ಇದೆ. ಟೀಮಲ್ಲಿ ಇಲೆವೆನ್ ಇರ್ತಾರೆ ನೆ?"

ಖಾಲಿ ಬಿಟ್ಟ ಜಾಗದಲ್ಲಿ ಹನ್ನೊಂದನೆಯದನ್ನು ಹೊಯ್ದೆ. ಅದು ಚುಂಯ್ ಎನ್ನುವಾಗ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದೆ. ಭಟ್ರೇ, ಆವತ್ತು ಪೇಪರಿನಲ್ಲಿ ಏನೂ ಇರಲಿಲ್ಲ.