ದಿಂಡಿಗಲ್ ಗುಜರಿಯ ಟರ್ಬೈನು

ಮೂವತ್ತು ವರ್ಷ ತಮಿಳು ಸೀಮೆಯ ಕೊಂಬೈ ಊರಿನಲ್ಲಿ ತೋಟದ ಪಂಪು ಮೋಟಾರುಗಳಿಗೆ ತಂತಿ ಸುತ್ತಿ ಬದುಕಿದವನು ನಾನು. ಬೆನ್ನುನೋವು ಜಾಸ್ತಿಯಾಗಿ ಅಂಗಡಿ ಮುಚ್ಚಿದ ಮೇಲೆ, ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಪ್ಯಾನರುಗಳನ್ನು ಒರೆಸಿಡುವುದೇ ಕೆಲಸವಾಯಿತು. ಒರೆಸಿದ್ದನ್ನೇ ಒರೆಸುವುದನ್ನು ನೋಡಲಾರದೆ ಹೆಂಡತಿ ಒಂದು ದಿನ, "ದಿಂಡಿಗಲ್ಲಿಗಾದ್ರೂ ಹೋಗಿ ಬನ್ನಿ, ನನ್ಗೂ ಒಸಿ ನೆಮ್ಮದಿ" ಎಂದಳು. ಆ ಮಾತಿಗಾಗಿ ಆಮೇಲೆ ಅವಳು ಎಷ್ಟು ಸಲ ತಲೆ ಚಚ್ಚಿಕೊಂಡಳೋ ಲೆಕ್ಕವಿಲ್ಲ.

ದಿಂಡಿಗಲ್ಲಿನ ಗುಜರಿ ಅಂಗಳದಲ್ಲಿ, ಮುರಿದ ಗ್ರೈಂಡರುಗಳ ನಡುವೆ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಲೋಹದ ಕವಚ ಬಿದ್ದಿತ್ತು. ನೀರಿನ ಕೊಡಕ್ಕಿಂತ ಸ್ವಲ್ಪ ದಪ್ಪ. ಒಳಗೆ ಕೈ ಹಾಕಿ ಚಕ್ರ ಮುಟ್ಟಿದ ಕೂಡಲೇ ಗುರುತು ಸಿಕ್ಕಿತು. ನಾನು ಐಟಿಐಯಲ್ಲಿ ಓದುವಾಗ ಇಂಥದ್ದನ್ನೇ ಅರ್ಧ ಸೀಳಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಗ್ಯಾಸ್ ಟರ್ಬೈನು! ನೆಲದ ಮೇಲೆ ನಿಂತ ವಿಮಾನದ ಎಂಜಿನ್ನನ್ನು ಎಬ್ಬಿಸಲು ಹಿಂದಿನ ಕಾಲದಲ್ಲಿ ಬಳಸುತ್ತಿದ್ದ ಪುಟ್ಟ ಯಂತ್ರ. ಒಂದು ಚಕ್ರ ಗಾಳಿಯನ್ನು ಎಳೆದು ಒತ್ತುತ್ತದೆ, ನಡುವಿನ ಡಬ್ಬಿಯಲ್ಲಿ ಎಣ್ಣೆ ಉರಿಯುತ್ತದೆ, ಬಿಸಿಗಾಳಿ ಇನ್ನೊಂದು ಚಕ್ರವನ್ನು ತಿರುಗಿಸಿಕೊಂಡು ಹೊರಗೆ ನುಗ್ಗುತ್ತದೆ.

"ಪಾಲ್ ಮೆಷಿನ್ ಅಣ್ಣೇ" ಎಂದ ಗುಜರಿಯವನು, ಹಾಲಿನಿಂದ ಕೆನೆ ತೆಗೆಯುವ ಯಂತ್ರವೆಂದುಕೊಂಡು. ವಿಮಾನ ಎಂದರೆ ಬೆಲೆಯೂ ಹಾರೀತೆಂದು ನಾನು ತಿದ್ದಲು ಹೋಗಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಇದೇನೆಂದು ಕೇಳಿದ. ಟರ್ಬೈನು ಎಂದೆ. ಆಂಡಿಪಟ್ಟಿ ಕಡೆಯ ಗಾಳಿಯಂತ್ರಗಳನ್ನು ದಿನಾ ನೋಡುವವನು ಅವನು. ಸೀಟಿನ ಕೆಳಗೆಲ್ಲ ಬಗ್ಗಿ ನೋಡಿ, ರೆಕ್ಕೆ ಎಲ್ಲಿ ಎಂದ. ಒಳಗಿವೆ ಎಂದೆ. ತೇನಿ ಬರುವವರೆಗೂ ಅವನು ನನ್ನ ಹತ್ತಿರ ಸುಳಿಯಲಿಲ್ಲ.

ಪಕ್ಕದ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಹಿಟ್ಟಿನ ಗಿರಣಿ ನಡೆಸಿದವಳು, ಈಗ ಗಿರಣಿ ಇಲ್ಲ, ಗಿರಣಿಯ ಸದ್ದನ್ನೂ ಮೀರಿಸುತ್ತಿದ್ದ ಗಂಟಲು ಮಾತ್ರ ಹಾಗೇ ಇದೆ. ಯಂತ್ರದ ಸುತ್ತ ಒಂದು ಸುತ್ತು ಬಂದು, "ಇದು ಏನ್ ಮಾಡ್ತೈತೆ ತಮ್ಮಾ?" ಎಂದಳು.

"ತಿರುಗ್ತೈತೆ ಅಕ್ಕಾ."

"ತಿರುಗಿ?"

ಸ್ಪ್ಯಾನರು ತೆಗೆದುಕೊಂಡು ಬಿಚ್ಚಲು ಕೂತೆ.

ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಒಂದೊಂದು ಬೋಲ್ಟನ್ನೂ ವಾರಗಟ್ಟಲೆ ಡೀಸೆಲ್ಲಿನಲ್ಲಿ ನೆನೆಹಾಕಿದೆ. ಎಣ್ಣೆ ಚಿಮ್ಮುವ ಹಿತ್ತಾಳೆಯ ನಾಜಲ್ಲನ್ನು ಹುಣಸೆಹಣ್ಣಿನಲ್ಲಿ ಉಜ್ಜಿದೆ. ಆ ಹುಣಸೆಹಣ್ಣು ಸಾರಿಗೆಂದು ನೆನೆಸಿದ್ದು ಎಂಬುದು ಊಟದ ಹೊತ್ತಿಗೆ ತಿಳಿಯಿತು. ಹೊಸ ಬೇರಿಂಗುಗಳಿಗೆ ಮದುರೆಗೆ ಮೂರು ಸಲ ಹೋದೆ. ನಾಲ್ಕು ತಿಂಗಳಾದ ಮೇಲೆ ಯಂತ್ರ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪಾತ್ರೆಯಂತೆ ಹೊಳೆಯುತ್ತ ಕೂತಿತು.

ಇದು ತಾನಾಗಿ ತಿರುಗುವುದಿಲ್ಲ, ಮೊದಲು ಯಾರಾದರೂ ಊದಬೇಕು. ದ್ರಾಕ್ಷಿಗೆ ಔಷಧಿ ಹೊಡೆಯುವ, ಬೆನ್ನಿಗೆ ಕಟ್ಟುವ ಬ್ಲೋಯರು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನೇ ಯಂತ್ರದ ಬಾಯಿಗೆ ಹಿಡಿದು ಊದಿ ಎಣ್ಣೆ ಬಿಟ್ಟೆ. ಕಿಡಿ ಹತ್ತಲಿಲ್ಲ. ಇನ್ನಷ್ಟು ಬಿಟ್ಟೆ. ಡಬ್ಬಿಯಲ್ಲಿ ಎಣ್ಣೆ ತುಂಬಿಕೊಂಡಿದ್ದು ನನಗೆ ಹೊಳೆಯುವಷ್ಟರಲ್ಲಿ ಕಿಡಿ ಹತ್ತಿತು. ಹಿಂದಿನ ಬಾಯಿಂದ ಆಳುದ್ದದ ಬೆಂಕಿ ಭುಗ್ಗೆಂದು ಹೊರಟು ಹಗ್ಗದ ಮೇಲಿದ್ದ ನನ್ನ ಪಂಚೆಗೆ ತಗುಲಿತು. ಹೆಂಡತಿ ಓಡಿಬಂದು ತುಂಬಿದ ಕೊಡವನ್ನು ಬಗ್ಗಿಸಿದಳು, ಬೆಂಕಿಯ ಮೇಲಲ್ಲ, ನನ್ನ ಮೇಲೆ. ಎಣ್ಣೆಯ ಕೊಳಾಯಿ ಮುಚ್ಚಿದೆ. ಬೆಂಕಿ ತಾನೇ ಆರಿತು.

"ಉರೀತಿದ್ದುದು ಪಂಚೆ ಕಣೇ!" ಎಂದೆ.

"ನಿಮ್ಮನ್ನ ಆರ್ಸಿದ್ರೆ ತಾನೆ ಇದೆಲ್ಲ ನಿಲ್ಲೋದು" ಎಂದಳು.

ಮರುದಿನ ಅಕ್ಕ ಶೆಡ್ಡಿಗೆ ಬಂದಳು. "ಬೆಂಕಿ ಬೇಡ, ಬರೀ ಕಾತು ಊದು" ಎಂದಳು. ಗಾಳಿಗೆ ನಮ್ಮ ಮನೆಮಾತಾದ ಕನ್ನಡದಲ್ಲೂ ಆ ತಮಿಳು ಪದವೇ. ಊದಿದೆ, ಚಕ್ರ ಸುತ್ತತೊಡಗಿತು. ಊದುವುದನ್ನು ನಿಲ್ಲಿಸಲು ಅವಳು ಕೈಸನ್ನೆ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದಳು. ವೈದ್ಯರು ಎದೆ ನೋಡುವ ಹಾಗೆ.

"ಒಂದು ಪಕ್ಕ ಉಜ್ಜುತೈತೆ" ಎಂದಳು.

"ಇಲ್ಲ ಅಕ್ಕಾ, ಅಳತೆ ನೋಡೇ ಕೂರ್ಸಿದೀನಿ. ನಾನು ಸರ್ಟಿಫಿಕೇಟ್ ತಗಂಡೋನು."

"ಸರ್ಟಿಫಿಕೇಟ್‌ಗೆ ಕಿವಿ ಐತಾ?"

ಹಟಕ್ಕೆ ಎರಡು ದಿನ ಯಂತ್ರ ಮುಟ್ಟಲಿಲ್ಲ. ಮೂರನೆಯ ದಿನ, ಅವಳು ಕಂಬಂ ಪೇಟೆಗೆ ಹೋದ ಹೊತ್ತು ನೋಡಿ, ಬಿಚ್ಚಿದೆ. ಕವಚದ ಒಳಗೆ ಒಂದೇ ಪಕ್ಕದಲ್ಲಿ ಉಗುರಿನಷ್ಟು ಉದ್ದದ ಹೊಳೆಯುವ ಗೀರು. ಆ ಸ್ಥಿತಿಯಲ್ಲಿ ಪೂರ್ತಿ ವೇಗಕ್ಕೆ ಹೋಗಿದ್ದರೆ ಚಕ್ರ ಚೂರಾಗಿ ಶೆಡ್ಡಿನ ತಗಡನ್ನು ಸೀಳಿಕೊಂಡು ಹೋಗುತ್ತಿತ್ತು. ಅಕ್ಕ ಬಂದ ಕೂಡಲೇ ಗೀರು ತೋರಿಸಿದೆ. ಅವಳು ನಗಲಿಲ್ಲ, ಹಂಗಿಸಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು, "ತಗಡು ಎಷ್ಟು ತೆಳ್ಳಗೆ ಬೇಕು?" ಎಂದಳು. ಇಬ್ಬರೂ ಸೇರಿ ಬೇರಿಂಗಿನ ಕೆಳಗೆ ತೆಳು ತಗಡು ಕೊಟ್ಟು ಸಮ ಮಾಡಿದೆವು.

ಈ ಸಲ ಹಗ್ಗದ ಬಟ್ಟೆ ತೆಗೆದು, ಬೆಳಿಗ್ಗೆ ಬೀದಿಯವರಿಗೆಲ್ಲ ಹೇಳಿ, ಮರಳಿನ ಬಕೆಟ್ ಇಟ್ಟುಕೊಂಡು ಊದಿದೆ. ಮೊದಲು ಸಿಳ್ಳೆಯಂಥ ಸದ್ದು, ಆಮೇಲೆ ಕೂಗು, ಆಮೇಲೆ ಹಲ್ಲು ಜುಮ್ಮೆನ್ನಿಸುವ ಆರ್ಭಟ. ಬ್ಲೋಯರು ಪಕ್ಕಕ್ಕಿಟ್ಟೆ, ಯಂತ್ರ ತಾನೇ ಓಡುತ್ತಿತ್ತು! ನನ್ನ ಕಣ್ಣಲ್ಲಿ ನೀರು. ಹೊಗೆಗೆ, ಎಂದು ಹೆಂಡತಿಗೆ ಹೇಳಿದೆ. ಹೊಗೆ ಇರಲೇ ಇಲ್ಲ.

ಸುದ್ದಿ ಕೇಳಿ ದ್ರಾಕ್ಷಿ ತೋಟದವರೊಬ್ಬರು ಗಿಳಿ ಓಡಿಸಲು ಅದನ್ನು ತರಲು ಹೇಳಿದರು. ಕಡೆಗೂ ಒಂದು ಉಪಯೋಗ! ಚಪ್ಪರದ ಅಂಚಿನಲ್ಲಿಟ್ಟು ಶುರು ಮಾಡಿದೆವು. ಗಿಳಿಗಳೆಲ್ಲ ಒಮ್ಮೆಗೇ ಎದ್ದವು. ಕೊಯ್ಲಿಗೆ ಬಂದ ಹೆಂಗಸರೂ ಎದ್ದು ರಸ್ತೆಯವರೆಗೆ ಹೋದರು. ಹತ್ತು ನಿಮಿಷದಲ್ಲಿ ಗಿಳಿಗಳು ಮರಳಿ ಬಂದು ಎರಡು ಸಾಲು ಆಚೆ ಕೂತು ತಿನ್ನತೊಡಗಿದವು. ಹೆಂಗಸರು ಮಾತ್ರ ಸಾಯಂಕಾಲದವರೆಗೂ ಬರಲಿಲ್ಲ. ತೋಟದವರು ಕೈ ಮುಗಿದು ನಮ್ಮನ್ನು ಕಳಿಸಿದರು.

ಮಿನಿ ಲಾರಿಯಲ್ಲಿ ವಾಪಸು ಬರುವಾಗ ಅಕ್ಕ ಬ್ಲೋಯರನ್ನೇ ನೋಡುತ್ತ ಕೂತಿದ್ದಳು. ಬೇಜಾರಾಯಿತೇನೋ ಎಂದು, "ಹೋಗ್ಲಿ ಬಿಡಕ್ಕಾ" ಎಂದೆ.

"ಅದಲ್ಲ ತಮ್ಮಾ," ಎಂದಳು, "ಎಲ್ಲಾ ಸಲನೂ ನೀನೇ ಊದ್ತೀಯ. ನಾಳೆ ಬ್ಲೋಯರ್ ನನ್ ಕೈಗೆ ಕೊಡು."

ಕೊಟ್ಟೆ.