ಲಾಲಮ್ಮ ಚರಗ ಚೆಲ್ಲದ ಹದಿನೆಂಟು ಅಡಿ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಯ ಸಿರಿಗಿರಿ ಬಡಾವಣೆಗೆ ೨೦೦೬ರಲ್ಲಿ ಅನುಮೋದನೆ ದೊರೆಯಿತು. ನಿವೇಶನಗಳು ಎಂಬತ್ತನಾಲ್ಕು. ಗ್ರಾನೈಟ್ ಮೆಟ್ಟಿಲು, ಆಳೆತ್ತರದ ಗೇಟು, ಗೇಟಿಗೊಂದು ಕ್ಯಾಮೆರಾ. ಇಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ; ಭೂಮಾಪನ ಇಲಾಖೆಯಿಂದ ನಿವೃತ್ತನಾಗಿ ಇಲ್ಲಿ ನೆಲೆಸಿರುವ ನಾನೂ ಇದಕ್ಕೆ ಹೊರತಲ್ಲ.

ಈ ನೆಲದ ಪೂರ್ವೇತಿಹಾಸ ಬಲ್ಲವರು ಒಬ್ಬರೇ: ನಾಲ್ಕು ಮನೆಗಳಲ್ಲಿ ಕಸಮುಸುರೆ ಮಾಡುವ ಅರವತ್ತಮೂರು ವರ್ಷದ ಲಾಲಮ್ಮ. ೨೦೦೩ರವರೆಗೆ ಇಲ್ಲಿನ ಎಂಟು ಎಕರೆ ಅವರ ಮನೆತನದ ಜೋಳದ ಹೊಲವಾಗಿತ್ತು. ಮೈದುನ ಮಾರಿದ. ಹೆಬ್ಬೆಟ್ಟು ಒತ್ತಿದ ಮೇಲೆಯೇ ಅದು ಮಾರಾಟದ ಕಾಗದವೆಂದು ಲಾಲಮ್ಮನಿಗೆ ತಿಳಿದದ್ದು.

ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಭೂತಾಯಿಗೆ ಅಡುಗೆ ಚೆಲ್ಲುವುದಕ್ಕೆ ನಮ್ಮಲ್ಲಿ ಚರಗ ಎನ್ನುತ್ತಾರೆ. ಹೊಲ ಹೋದರೂ ಲಾಲಮ್ಮ ಚರಗ ಬಿಡಲಿಲ್ಲ. ಪ್ರತಿವರ್ಷ ಕೆಲಸಕ್ಕೆ ಬರುವ ಮುನ್ನ, ಹಳೆಯ ಬದು ಇದ್ದ ಜಾಡಿನಲ್ಲೇ ಕಡಬು, ಭಜ್ಜಿ ಚೆಲ್ಲುತ್ತಿದ್ದರು.

೨೦೨೪ರ ಡಿಸೆಂಬರ್ ೩೦ರಂದು ಅದು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ ವಿಶ್ವರಾಧ್ಯರ ಕ್ಯಾಮೆರಾದಲ್ಲಿ ಸೆರೆಯಾಯಿತು. ಅಂದೇ ಸಂಜೆ ಸಭೆ; ಲಾಲಮ್ಮನನ್ನೂ ಕರೆಸಿದ್ದರು. ಲಾಲಮ್ಮನಿಗೆ ಬಡಾವಣೆಯೊಳಗೆ ಪ್ರವೇಶವಿಲ್ಲವೆಂಬ ಠರಾವು ಸಿದ್ಧವಾಗಿತ್ತು. ಅದು ಅಂಗೀಕೃತವಾದರೆ ನಾಲ್ಕೂ ಮನೆಗಳ ಕೆಲಸ ಒಂದೇ ಏಟಿಗೆ ಹೋಗುತ್ತಿತ್ತು.

“ನಮ್ಮ ಕಾರ್ ಶೆಡ್ಡಿನ ಆಜೂಬಾಜೂ ಅಡಗಿ ಒಗದೀದಿ. ಇದು ಮಾಟ ಅಲ್ಲದ ಮತ್ತೇನು?” ಎಂದರು ವಿಶ್ವರಾಧ್ಯ.

“ಮಾಟ ಮಾಡಾಕ ನನಗೆಲ್ಲಿ ಪುರಸೊತ್ತು ಐತ್ರಿ ಸಾಹೇಬ್ರ? ನಿಮ್ಮನಿ ಭಾಂಡೆ ತಿಕ್ಕೂದ ಮುಗಿಯಂಗಿಲ್ಲ! ಅದು ನಮ್ಮ ಹೊಲದ ಚರಗ.”

ನನಗೂ ಸಂಶಯವಿತ್ತು, ಆದ್ದರಿಂದ ಮಧ್ಯಾಹ್ನವೇ ಟೇಪು ಹಿಡಿದು ಅಳೆದಿದ್ದೆ. ಚೆಲ್ಲಿದ ಅಡುಗೆ ನೇರ ಗೆರೆಯಲ್ಲಿತ್ತು. ಶೆಡ್ಡಿನ ಬಳಿ ಮಾತ್ರ ನಿಂತು, ಹದಿನೆಂಟು ಅಡಿಯ ಆಚೆ ಮತ್ತೆ ಆರಂಭವಾಗಿತ್ತು. ಶೆಡ್ಡು ನಿಂತದ್ದು ಆ ಹದಿನೆಂಟು ಅಡಿಯೊಳಗೇ. ನಡುವೆ ಬಿಟ್ಟದ್ದೇಕೆಂದು ಸಭೆಯಲ್ಲೇ ಲಾಲಮ್ಮನನ್ನು ಕೇಳಿದೆ.

“ಅದು ಸರ್ಕಾರಿ ಬಂಡಿದಾರಿರಿ. ಮಂದಿ ನಡಿಯೂ ದಾರಿಗೆ ನಮ್ಮ ಚರಗ ಯಾಕ? ಹೊಲ ಮಾರಿದಾಗೂ ಅದನ್ನ ಮಾರಿಲ್ರಿ. ನಮ್ಮದಿದ್ರಲ್ಲಾ ಮಾರೂದು!”

ಸಭೆಯ ಕಣ್ಣೆಲ್ಲ ಅಧ್ಯಕ್ಷರತ್ತ ತಿರುಗಿತು. ಅವರು ಠರಾವಿನ ಕಾಗದವನ್ನು ಮಡಚಿ ಜೇಬಿಗಿಳಿಸಿದರು.

“ಹೋಗ್ಲಿ ಬಿಡ್ರಿ. ಹಿರ್ಯಾಕಿ, ಏನೋ ಪದ್ಧತಿ...”

“ಅಧ್ಯಕ್ಷರ, ಇಷ್ಟ ಲಗೂನ ಮಾಟ ಇಳೀತೇನ್ರಿ?” ಎಂದರು ಹತ್ತಿ ವ್ಯಾಪಾರಿ ಪಂಪಣ್ಣ. ನಗೆ ಎದ್ದಿತು. ಆದರೆ ಶೆಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ. ಸರ್ಕಾರಿ ಜಾಗಕ್ಕೆ ಚಾಚಿದ ತಮ್ಮ ತಮ್ಮ ಕಾಂಪೌಂಡುಗಳು ನೆನಪಾಗಿರಬೇಕೆಂಬುದು ನನ್ನ ಗುಮಾನಿ.

ಮರುದಿನ ಅಧ್ಯಕ್ಷರು ಖುದ್ದಾಗಿ ಗೇಟು ತೆರೆದು, “ಬಾ ಅವ್ವ, ಚಾ ಕುಡದು ಕೆಲಸ ಸುರು ಮಾಡು” ಎಂದರಂತೆ.

“ನಿನ್ನಿ ಮಾಟಗಾತಿ, ಇವತ್ತ ಅವ್ವ. ನಾಳೆ ಏನಂತೀರೋ, ನನಗ ಅಂಜಿಕಿ ಬರ್ತೈತ್ರಿ” ಎಂದು ಹೇಳಿ ಲಾಲಮ್ಮ ಪಂಪಣ್ಣನ ಮನೆಯತ್ತ ನಡೆದರು. ಅಧ್ಯಕ್ಷರ ಮನೆ ಬಿಟ್ಟು ಉಳಿದ ಮೂರು ಮನೆಗಳಲ್ಲಿ ಇಂದಿಗೂ ದುಡಿಯುತ್ತಿದ್ದಾರೆ.